ಕೊನೆಯ ಅಂಕದ ಪ್ರತಿ

ಟ್ರಂಕಿನ ಕೀಲಿ ನನ್ನ ಉಡದಾರದಲ್ಲಿ ಇರುತ್ತಿತ್ತು. ಸ್ನಾನಕ್ಕೆ ಹೋದಾಗಲೂ ಬಿಚ್ಚುತ್ತಿರಲಿಲ್ಲ. ಅದಕ್ಕೆ ನನ್ನ ಹೆಂಡತಿ ಬಸಕ್ಕ, "ನನ್ನ ತಾಳಿಗಿಂತ ಆ ಕೀಲೀನ ನಿಮಗ ಹೆಚ್ಚಾತ್ರಿ" ಎಂದು ವರ್ಷಗಟ್ಟಲೆ ಹಂಗಿಸಿದಳು. ಹಂಗಿಸಲಿ. ಕಂಪನಿಯ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವವಳಿಗೆ ಅದೇನು ಗೊತ್ತು? ಆ ಟ್ರಂಕಿನಲ್ಲಿ ಇದ್ದದ್ದು ಕುಬಿಹಾಳ ಕಂಪನಿಯ ಜೀವ, ಅಂದರೆ ನಾಟಕದ ಪೂರ್ತಿ ಪ್ರತಿ. ನಾನು ಮಡಿವಾಳೆಪ್ಪ, ಆ ಕಂಪನಿಯ ಪ್ರಾಂಪ್ಟರ್. ವಿಂಗಿನ ಮರೆಯಲ್ಲಿ ನಿಂತು ನಟರಿಗೆ ಮಾತು ಎತ್ತಿಕೊಡುವವನು. ಮೂವತ್ತೊಂದು ವರ್ಷದಲ್ಲಿ ಒಬ್ಬ ಪ್ರೇಕ್ಷಕನೂ ನನ್ನ ಮುಖ ನೋಡಿರಲಿಲ್ಲ. ನೋಡಲೂಬಾರದು. ನಮ್ಮ ಕೆಲಸದ ಮರ್ಯಾದೆ ಅದೇ.

ನಮ್ಮಲ್ಲಿ ನಟನ ಕೈಗೆ ಪೂರ್ತಿ ನಾಟಕ ಕೊಡುವ ಪದ್ಧತಿ ಇಲ್ಲ. ಅವನವನ ಮಾತು ಅವನವನಿಗೆ. ಎದುರಿನವನ ಮಾತಿನ ಕೊನೆಯ ಎರಡು ಶಬ್ದ ಹಚ್ಚಿ ಬರೆದುಕೊಡುತ್ತಿದ್ದೆ, ಅಷ್ಟರ ಮೇಲೆ ಆಡಬೇಕು. ಪೂರ್ತಿ ಪ್ರತಿ ಒಬ್ಬನ ಕೈಗೆ ಸಿಕ್ಕರೆ ಅದು ಹುಬ್ಬಳ್ಳಿ ದಾಟುವುದಕ್ಕೆ ಎರಡು ದಿನ ಬೇಡ. ೧೯೬೬ರಲ್ಲಿ ಹಾಗೇ ಆಯಿತು. ಬಣ್ಣ ಬಳಿಯುವ ಕೆಲಸಕ್ಕೆಂದು ಬಂದವನೊಬ್ಬ ಒಂದು ತಿಂಗಳು ನಮ್ಮ ರೊಟ್ಟಿ ತಿಂದು ಹೋದ. ನಾಲ್ಕು ತಿಂಗಳಿಗೆ ನಮ್ಮ ನಾಟಕ ಬೇರೆ ಹೆಸರು ಹೊತ್ತು ಬೇರೆ ಕಂಪನಿಯ ಹ್ಯಾಂಡ್‌ಬಿಲ್ಲಿನಲ್ಲಿ ಬಂತು. ನಮ್ಮ ಮಾಲಕರು ಈರಬಸಪ್ಪನವರು ಎಲ್ಲರೆದುರಿಗೆ ನನ್ನನ್ನು ನಿಲ್ಲಿಸಿ, "ಪ್ರತಿ ನಿನ್ನ ತಲಿದಿಂಬಿನ ಕೆಳಗ ಇತ್ತಲ್ಲೋ ಮಡಿವಾಳೆಪ್ಪ" ಎಂದರು. ಅಂದದ್ದು ಅಷ್ಟೇ. ನಾಲ್ಕು ಬಡಿದಿದ್ದರೆ ಚಲೋ ಇತ್ತು. ಅಂದಿನಿಂದ ಪ್ರತಿ ಟ್ರಂಕಿಗೆ ಹೋಯಿತು, ಕೀಲಿ ಉಡದಾರಕ್ಕೆ ಬಂತು, ಟ್ರಂಕಿನ ಕಡೆ ಕಣ್ಣು ಹಾಯಿಸಿದವರನ್ನೆಲ್ಲ ಕಳ್ಳರೆಂದೇ ನೋಡತೊಡಗಿದೆ.

ಆ ಕಳವಿನ ಮೇಲೆ ಮಾಲಕರು ಇನ್ನೊಂದು ಕಟ್ಟಳೆ ಮಾಡಿದರು. ತಾಲೀಮಿನಲ್ಲಿ ಕೊನೆಯ ಅಂಕವನ್ನು ಯಾರೂ ಬಾಯಿಬಿಟ್ಟು ಆಡುವಂತಿಲ್ಲ. ತಗಡಿನ ಥೇಟರಿಗೆ ಗೋಡೆ ಎಲ್ಲಿಯದು? ಹೊರಗೆ ಕುಳಿತು ಬೀಡಿ ಸೇದುವವನಿಗೂ ಎಲ್ಲ ಕೇಳುತ್ತದೆ. ಆಟ ಒಮ್ಮೆ ನೋಡಿದವನಿಗೆ ಕಥೆಯಷ್ಟೇ ಸಿಗುತ್ತದೆ, ದಿನಾ ತಾಲೀಮು ಕೇಳಿದವನಿಗೆ ಮಾತೆಲ್ಲ ಬಾಯಿಪಾಠ. ಹಾಗಾಗಿ ಕೊನೆಯ ಅಂಕಕ್ಕೆ ಬರೀ ನಡಿಗೆ. ಎಲ್ಲಿಂದ ಬರಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿಂದ ಹೋಗಬೇಕು, ಅಷ್ಟೇ. ಆ ಅಂಕದ ಮಾತನ್ನು ಬರೆದೂ ಕೊಡುವಂತಿಲ್ಲ, ಆಟದ ದಿನ ನನ್ನ ಬಾಯಿಂದಲೇ ಬರಬೇಕು. ಹೊಸಬನಾದರೆ ನನ್ನನ್ನೇ ನಂಬಿ ನಿಲ್ಲಬೇಕು. ಸ್ಟೇಜಿನ ಮೇಲೆ ನಿಂತವನಿಗೆ ಪ್ರಾಂಪ್ಟರ್ ಅಂದದ್ದೇ ವೇದ.

೧೯೭೫ರ ಸುಗ್ಗಿಯಲ್ಲಿ ನಮ್ಮ ಕ್ಯಾಂಪು ಗುಡಗೇರಿಯಲ್ಲಿತ್ತು. 'ಬಾಡಿಗೆ ಬಾಸಿಂಗ' ಎಂಬ ನಾಟಕ ಎರಡು ವರ್ಷದಿಂದ ನಮ್ಮ ಮೂವತ್ತೆರಡು ಜನರ ಹೊಟ್ಟೆ ಹೊರೆಯುತ್ತಿತ್ತು. ಮಗಳ ಮದುವೆಯ ದಿನವೇ ಊರು ಬಿಟ್ಟು ಹೋದ ಅಪ್ಪ ಹನ್ನೆರಡು ವರ್ಷದ ಮೇಲೆ ಅದೇ ಮಗಳ ಬಾಗಿಲಿಗೆ ಭಿಕ್ಷುಕನಾಗಿ ಬಂದು ನಿಲ್ಲುತ್ತಾನೆ. ಅವಳು ಅವನನ್ನು ಸತ್ತನೆಂದೇ ತಿಳಿದಿದ್ದಾಳೆ. ಆ ಕೊನೆಯ ಅಂಕ ನೋಡಲು ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಮಗಳ ಪಾತ್ರ ಅಣ್ಣಿಗೇರಿಯ ರಾಜಮಾಬಿಯದು. ಅಪ್ಪನ ಪಾತ್ರ ಮಾಡುತ್ತಿದ್ದವನು ಕಾಮಾಲೆ ಹಿಡಿದು ತನ್ನ ಊರಿಗೆ ಹೋದ. ಯಾರನ್ನು ನಿಲ್ಲಿಸುವುದು ಎಂದು ಮಾಲಕರು ತಲೆ ಕೆರೆದುಕೊಳ್ಳುತ್ತಿರುವಾಗ, ಹತ್ತು ಗಂಟೆಯ ಗಾಡಿಯಿಂದ ಒಂದು ಚೀಲ ಹಿಡಿದು ತಿರಕಪ್ಪ ಇಳಿದ.

ತಿರಕಪ್ಪ ಯಮನೂರಿನವನು. ಹನ್ನೆರಡರ ವಯಸ್ಸಿಗೆ ನಮ್ಮ ಕಂಪನಿ ಸೇರಿದ. ಅವನಿಗೆ ಅಕ್ಷರ ಕಲಿಸಿದವನು ನಾನು. ಹದಿನಾರಕ್ಕೆ ಸೀರೆ ಉಟ್ಟು ನಾಯಕಿಯಾದಾಗ ಅವನು ಸೆರಗು ಹೊದೆಯುವ ರೀತಿ ನೋಡಿ ನವಲಗುಂದದ ಹೆಂಗಸರು ಕಲಿತರು. ಮೀಸೆ ಬಂದ ಮೇಲೆ ನಾಯಕನಾದ. ಹಾಡು ಎತ್ತಿದನೆಂದರೆ 'ಒನ್ಸ್ ಮೋರ್' ಬಾರದ ದಿನವೇ ಇಲ್ಲ. ಜನ ಕೂಗಿದರೆ ಹಾಡನ್ನು ಮತ್ತೆ ಮೊದಲಿಂದ ಹಾಡಬೇಕು, ಅದು ಕಂಪನಿ ನಾಟಕದ ಧರ್ಮ. ಅಣ್ಣಿಗೇರಿಯಲ್ಲಿ ಒಂದೇ ಹಾಡನ್ನು ಐದು ಸಲ ಹಾಡಿಸಿದರು. ಐದನೆಯ ಸಲಕ್ಕೆ ನಾನು ವಿಂಗಿನಲ್ಲಿ ನಿಂತು ಅತ್ತೆ. ಯಾರಿಗೂ ಹೇಳಿಲ್ಲ, ಈಗ ಹೇಳುತ್ತಿದ್ದೇನೆ.

೧೯೭೦ರಲ್ಲಿ ಯಾರೋ ಒಬ್ಬ ಬಂದು, ನಿಮ್ಮದು ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ ಮುಖ ಎಂದ. ಇವನು ಹೊರಟೇಬಿಟ್ಟ, ಮದ್ರಾಸಿಗೆ. "ಕಾಕಾ, ಹೋಗಿ ಬರತೇನ್ರಿ" ಎಂದು ಕಾಲು ಮುಟ್ಟಲು ಬಂದಾಗ ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಐದು ವರ್ಷದಲ್ಲಿ ನಾಲ್ಕು ಸಿನಿಮಾ ಮಾಡಿದನಂತೆ. ಮೂರರಲ್ಲಿ ಅವನು ಎಲ್ಲಿದ್ದಾನೆಂದು ಯಾರಿಗೂ ತಿಳಿಯಲಿಲ್ಲ. ನಾಲ್ಕನೆಯದು ಕುಂದಗೋಳದ ಟೆಂಟ್ ಟಾಕೀಸಿಗೆ ಬಂದಾಗ ಇಡೀ ಕಂಪನಿ ಲಾರಿ ಹತ್ತಿ ಹೋಗಿ ನೋಡಿ ಬಂತು. ಅವನದು ದರೋಡೆಕೋರನ ಬಂಟನ ಪಾತ್ರ. ಎರಡೇ ಮಾತು. ಬಾಯಿ ತಿರಕಪ್ಪನದು, ದನಿ ಯಾರದೋ. ನಮ್ಮ ಕಡೆಯ ಮಾತು ಅವರಿಗೆ ಸೇರಲಿಲ್ಲವೆಂದು ಬೇರೆಯವನ ದನಿ ಕೂಡಿಸಿದ್ದರು. ಆಮೇಲೆ ಕಲ್ಲಿನ ಖಣಿಯಲ್ಲಿ ಅವನ ಬಾಜೂಕೇ ಮದ್ದು ಸಿಡಿಯುತ್ತದೆ, ಇವನು ಎತ್ತರಕ್ಕೆ ಹಾರಿ ಬಿದ್ದು ಸಾಯುತ್ತಾನೆ. ನಮ್ಮ ಯಮನೂರ ತಿರಕಪ್ಪ ಎಂಬ ಹಿಗ್ಗಿಗೆ ಜನ ಎದ್ದು ನಿಂತು "ಒನ್ಸ್ ಮೋರ್" ಎಂದು ಕೂಗಿದರು. ಆಪರೇಟರ್ ರೀಲು ಹಿಂದಕ್ಕೆ ಸುತ್ತಿ ಮತ್ತೆ ತೋರಿಸಿದ. ಮತ್ತೆ ಸಿಡಿಯಿತು, ಮತ್ತೆ ಸತ್ತ. ಮೂರನೆಯ ಸಲ ತೋರಿಸೆಂದು ಕೂಗಿದವರಲ್ಲಿ ನಾನೂ ಇದ್ದೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಈಗ ಅವನು ಗುಡಗೇರಿಗೆ ಬಂದು ನಿಂತ. ಮಾಲಕರು ಕುಣಿದಾಡಿಬಿಟ್ಟರು. "ಮದ್ರಾಸಿನ ಚಿತ್ರನಟ ತಿರಕಪ್ಪ ಯಮನೂರ ಖುದ್ದಾಗಿ ಅಭಿನಯಸ್ತಾರ ಅಂತ ಹ್ಯಾಂಡ್‌ಬಿಲ್ ಹೊಡಸ್ರಿ! ಸಂತಿ ದಿನ ಮಧ್ಯಾಹ್ನದ ಆಟ!" ಎಂದು ಕೂಗಿದರು. ಎಲ್ಲರೂ ಅವನನ್ನು ಮುತ್ತಿಕೊಂಡರು. ನಾನೊಬ್ಬ ಕೇಳಿದೆ, "ಯಾಕ ಬಂದಿ?"

ಅವನು ಉತ್ತರ ಕೊಡುವ ಮೊದಲು ನನ್ನ ಬಾಯನ್ನೇ ದಿಟ್ಟಿಸಿದ. "ಅಲ್ಲೆ ಒನ್ಸ್ ಮೋರ್ ಇಲ್ರಿ ಕಾಕಾ" ಎಂದು ನಕ್ಕ. "ಡೈರೆಕ್ಟರ್ ಕಟ್ ಅಂತಾನ, ಮುಗೀತು. ಯಾರ ಮುಂದ ಆಡಿದೆ, ಅವರಿಗೆ ಚಲೋ ಅನಿಸ್ತೋ ಇಲ್ಲೋ, ಒಂದೂ ತಿಳಿಯಂಗಿಲ್ಲ. ಸಾಯೂದ್ರಾಗ ಇನ್ನೊಂದ ಸಲ ಅದು ಸಿಗಬೇಕ್ರಿ ನನಗ."

ಚಂದದ ಮಾತು. ಆದರೆ ಚಂದದ ಮಾತು ಆಡುವವರನ್ನು ನಾನು ಮೂವತ್ತೊಂದು ವರ್ಷ ಹತ್ತಿರದಿಂದ ನೋಡಿದವನು. ಅವರ ಬಾಯಿಗೆ ಆ ಮಾತು ಹಾಕುತ್ತಿದ್ದವನೇ ನಾನು. ಮದ್ರಾಸು ಕಂಡವನು ಗುಡಗೇರಿಯ ತಗಡಿನ ಥೇಟರಿಗೆ ಒಂದು ಕೂಗಿಗಾಗಿ ಬಂದನೆಂದರೆ ನಂಬಲು ನಾನೇನು ನಿನ್ನೆ ಹುಟ್ಟಿದವನೇ? ಕಥೆ ಹುಡುಕಿಕೊಂಡು ಬಂದಿದ್ದಾನೆ. 'ಬಾಡಿಗೆ ಬಾಸಿಂಗ'ದ ಕೊನೆಯ ಅಂಕ ಒಯ್ದು ಸಿನಿಮಾದವರಿಗೆ ಕೊಟ್ಟರೆ, ಅದು ಟೆಂಟಿನಲ್ಲಿ ಬಂದ ಮರುದಿನದಿಂದ ನಮ್ಮ ಆಟಕ್ಕೆ ನಾಯಿಯೂ ಬರುವುದಿಲ್ಲ. ಮೂವತ್ತೆರಡು ಜನ ಬೀದಿಗೆ ಬೀಳುತ್ತಾರೆ. ಮತ್ತೆ ಎಲ್ಲರೆದುರಿಗೆ ನಿಂತು 'ಪ್ರತಿ ನಿನ್ನ ತಲಿದಿಂಬಿನ ಕೆಳಗ ಇತ್ತಲ್ಲೋ' ಅನ್ನಿಸಿಕೊಳ್ಳುವವನು ನಾನು.

ಆ ದಿನದಿಂದ ಅವನ ಬೆನ್ನು ಹತ್ತಿದೆ. ನೋಡಿದಷ್ಟೂ ನನ್ನ ಸಂಶಯ ಗಟ್ಟಿಯಾಯಿತು.

ತಾಲೀಮಿನಲ್ಲಿ ಅವನು ಯಾರು ಮಾತಾಡಿದರೂ ಅವರ ಬಾಯನ್ನೇ ನೋಡುತ್ತಿದ್ದ. ತನ್ನ ಪಾತ್ರವಿಲ್ಲದ ಪ್ರವೇಶಕ್ಕೂ ಎದುರಿಗೆ ಬಂದು ಕುಳಿತು ನೋಡುತ್ತಿದ್ದ. ಒಂದೊಂದು ಮಾತನ್ನೂ ಕಣ್ಣಿನಿಂದಲೇ ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳುವವನ ಹಾಗೆ. ಕಳ್ಳನ ಕಣ್ಣು ಅಂದರೆ ಇದೇ ಅಂದುಕೊಂಡೆ.

ಬಸಕ್ಕ ಒಂದು ದಿನ ಮುಖ ಉಬ್ಬಿಸಿಕೊಂಡು ಬಂದಳು. "ಏನ್ರಿ, ಕೇಳಿದ್ರೇನು? ನಿಮ್ಮ ತಿರಕಪ್ಪನ್ನ ಹಿಂದಿಂದ ಮೂರ ಸಲ ಕರದೆ, ಊಟಕ್ಕ ಬಾರಪ್ಪಾ ಅಂತ. ಹೊಳ್ಳಿ ನೋಡಲಿಲ್ಲ. ನಮ್ಮ ರೊಟ್ಟಿ ಈಗ ಸೇರಂಗಿಲ್ಲೇನೋ ಅವಗ."

"ಮದ್ರಾಸ ಸೊಕ್ಕು ಅದು" ಅಂದೆ.

"ಸೊಕ್ಕ ಇದ್ರ ಇರವಲ್ದ್ಯಾಕ. ಆದ್ರ ಮುಂಜಾನೆ ಆತಂದ್ರ ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣಿ ಬೇಕು ಅಂತಾನ. ಮೊಣಕಾಲ ನೋಯತಾವಂತ."

ಮೊಣಕಾಲು! ಅವನು ನಡೆಯುವುದನ್ನು ನಾನು ದಿನಾ ನೋಡುತ್ತಿದ್ದೆ. ಹೋರಿಯ ಹಾಗೆ ನಡೆಯುತ್ತಿದ್ದ. ಒಂದು ಸುಳ್ಳು ಹೇಳುವವನು ಹತ್ತು ಸುಳ್ಳು ಹೇಳುತ್ತಾನೆ ಎಂದು ಅದನ್ನೂ ಲೆಕ್ಕಕ್ಕೆ ಹಿಡಿದೆ.

ಸೋಮವಾರ ತಾಲೀಮು ಇರಲಿಲ್ಲ. ಅವನು ಮುಂಜಾನೆಯ ಗಾಡಿಗೆ ಹುಬ್ಬಳ್ಳಿಗೆ ಹೋಗಿ ಸಂಜೆಗೆ ಬಂದ. ಸ್ಟೇಷನ್ನಿನಲ್ಲೇ ತಡೆದು, "ಯಾರನ್ನ ಕಾಣಾಕ ಹೋಗಿದ್ದಿ?" ಎಂದು ಕೇಳಿದೆ. ಮತ್ತೆ ಬಾಯಿ ನೋಡಿದ. "ಒಬ್ರು ಪರಿಚಯದವರ ಅದಾರ್ರಿ" ಎಂದು ತಲೆ ತಗ್ಗಿಸಿ ಹೋದ. ಮುಖ ಬಾಡಿತ್ತು. ಸಿನಿಮಾದವರ ಜೊತೆ ಮಾತು ಕುದುರಲಿಲ್ಲವೇನೋ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ದೇವರು ನನ್ನನ್ನು ಕ್ಷಮಿಸಲಿ.

ಇನ್ನು ಹಾರ್ಮೋನಿಯಂ ಮಾಸ್ತರ ರಹಿಮಾನಸಾಬ. ಅವನದು ಸ್ಟೇಜಿನ ಮುಂದೆ ಕೆಳಗಿಟ್ಟು ಕಾಲಿನಿಂದ ತುಳಿಯುವ ದೊಡ್ಡ ಪೆಟ್ಟಿಗೆ. ತಿರಕಪ್ಪ ಬಂದ ಮೇಲೆ ಆ ಪೆಟ್ಟಿಗೆ ಜಾಗ ಬಿಟ್ಟು ಸರಿದು ಸ್ಟೇಜಿನ ಹಲಗೆಗೆ ತಾಗಿ ನಿಂತಿತು. ಹಾಡುವಾಗ ತಿರಕಪ್ಪ ಚಪ್ಪಲಿ ಕಳಚಿ, ಅಂಚಿಗೆ ಬಂದು, ಬರಿಗಾಲನ್ನು ಆ ಹಲಗೆಯ ಮೇಲೆ ಊರಿ ನಿಲ್ಲುತ್ತಿದ್ದ. ಇದ್ಯಾವ ಹೊಸ ಠೀವಿ? ಇವರಿಬ್ಬರೂ ಕೂಡಿ ಏನೋ ಹೂಡಿದ್ದಾರೆ ಅನ್ನಿಸಿತು.

ಸಂತೆಯ ದಿನಕ್ಕೆ ಐದು ದಿನ ಇರುವಾಗ ಅವನು ನನ್ನ ಎದುರಿಗೆ ಬಂದು ಕುಳಿತ. ಅಗದಿ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ.

"ಕಾಕಾ, ಕೊನೀ ಅಂಕದ ಪೂರ್ತಿ ಪ್ರತಿ ಕೊಡ್ರಿ ನನಗ. ರಾಜಮಾಬಿ ಮಾತೂ ಬೇಕು."

ಮೂವತ್ತೊಂದು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. "ಯಾಕೋ? ಆಕಿ ಪಾತ್ರಾನೂ ನೀನ ಮಾಡಾವೇನು?"

"ಇಲ್ರಿ. ಎಲ್ಲಾರ ಮಾತು ಗೊತ್ತಿದ್ರ ಚಲೋ ಆಡಾಕ ಬರತೈತಿ."

"ನಾ ಇರತೇನಲ್ಲೋ ವಿಂಗಿನ್ಯಾಗ. ಸಣ್ಣಾಂವ ಇದ್ದಾಗಿಂದ ನಿನಗ ಮಾತ ಕೊಟ್ಟಾವ ಯಾರು?"

"ನೀವು ಇರತೀರಿ, ಖರೆ" ಎಂದ. ಎದ್ದು ನೆಟ್ಟಗೆ ಮಾಲಕರ ಬಳಿ ಹೋದ.

ಮಾಲಕರು ನನ್ನನ್ನು ಕರೆಸಿದರು. "ಕೊಡೋ ಮಡಿವಾಳೆಪ್ಪ. ಅವನ ಹೆಸರಿನ ಮ್ಯಾಲೆ ನಾಕ ಹಳ್ಳಿ ಮಂದಿ ಬರಾಕತ್ತೈತಿ. ಮುನಿಸ್ಕೊಂಡು ಹೋದ್ರ ಏನ ಮಾಡ್ತಿ?"

"ಮಾಲಕರ, ನಾಳೆ ಇದು ಸಿನಿಮಾದಾಗ ಬಂದ್ರ?"

"ಬಂದ್ರ ನಿನ್ನ ಕೇಳತೇನಿ" ಎಂದರು. ಎಂಥ ನ್ಯಾಯ! ಕೊಡು ಅನ್ನುವವರು ಅವರು, ಹೋದರೆ ಹೊಣೆ ನನ್ನದು.

ಸಿಟ್ಟಿನಿಂದ ಬಂದು ರಹಿಮಾನಸಾಬನ ಮುಂದೆ ಕೂಗಾಡಿದೆ. ಅವನು ಪೆಟ್ಟಿಗೆ ಒರೆಸುತ್ತ, "ಹಾಲ ಕುಡದು ಬಾಯಿ ಸುಟ್ಟಾವ ಮಜ್ಜಿಗೀನೂ ಊದತಾನಂತ. ಹಂಗಾತು ನಿಂದು. ಅವ ಕಳ್ಳ ಅಲ್ಲೋ" ಎಂದ.

"ಮತ್ತ ಯಾಕ ಬಂದಾನ? ಹೇಳು ನೋಡೂಣು."

"ಅದನ್ನ ಅವ ಹೇಳಬೇಕು. ನಾ ಹೇಳಾಂಗಿಲ್ಲ, ಮಾತ ಕೊಟ್ಟೇನಿ." ತಲೆ ಎತ್ತಲಿಲ್ಲ. ಇಬ್ಬರೂ ಒಂದೇ ಎಂಬುದು ನನಗೆ ಆಗ ಖಾತ್ರಿಯಾಯಿತು.

ಮರುದಿನ ಥೇಟರಿನ ಹಿಂದಿನ ಬೇವಿನ ಮರದ ಕೆಳಗೆ ಕುಳಿತು ಅವನಿಗೆ ಪ್ರತಿ ಬರೆಯತೊಡಗಿದೆ. ಮೂರು ಮುಂಜಾನೆ ಹಿಡಿಯಿತು. ಅಕ್ಷರ ಮುತ್ತಿನ ಹಾಗೆ ಬರೆದೆ. ಆದರೆ ಪ್ರತಿ ಖರೆಯದಲ್ಲ. ಕೊನೆಯ ಅಂಕದಲ್ಲಿ ಮಗಳು ಭಿಕ್ಷುಕನಿಗೆ ಮೂರು ಪ್ರಶ್ನೆ ಕೇಳುತ್ತಾಳೆ. ಮೊದಲು ಊರು ಯಾವುದು, ಆಮೇಲೆ ಉಂಡು ಎಷ್ಟು ದಿನವಾಯಿತು, ಕೊನೆಗೆ ಮಕ್ಕಳೆಷ್ಟು. ಮೂರನೆಯದಕ್ಕೆ ಅವನು ಕೊಡುವ ಉತ್ತರದಲ್ಲಿ ನಾಟಕದ ಜೀವ ಇದೆ. ನಾನು ಕೊನೆಯದನ್ನು ಮೊದಲಿಗೆ ತಂದೆ, ಊರಿನದನ್ನು ಎರಡನೆಯದು ಮಾಡಿದೆ, ಊಟದ್ದನ್ನು ಕೊನೆಗೆ ಹಾಕಿದೆ. ಇದು ನಾಳೆ ಯಾವ ಸಿನಿಮಾದಲ್ಲಾದರೂ ಹೀಗೆ ಹಿಂದುಮುಂದಾಗಿ ಬಂದರೆ ಕಳ್ಳ ಯಾರೆಂದು ಮಾಲಕರಿಗೆ ಬೆರಳಿಟ್ಟು ತೋರಿಸಬಹುದು. ನಾಟಕಕ್ಕೆ ಇದರಿಂದ ಧಕ್ಕೆಯಿಲ್ಲ, ಏಕೆಂದರೆ ಆಟದಲ್ಲಿ ಖರೆ ಮಾತನ್ನು ವಿಂಗಿನಿಂದ ನಾನೇ ಕೊಡುತ್ತೇನೆ. ಎಂಥ ನಟನೂ ಪ್ರಾಂಪ್ಟರ್ ಮಾತು ಕೇಳಿದ ಕೂಡಲೇ ಅದರ ಹಿಂದೆ ಬರುತ್ತಾನೆ. ಹೀಗೆಲ್ಲ ಲೆಕ್ಕ ಹಾಕಿದೆ. ಎಂಥ ಶಾಣ್ಯಾ ನಾನು!

ಪ್ರತಿ ಕೊಟ್ಟಾಗ ತಿರಕಪ್ಪ ಅದನ್ನು ಹಣೆಗೆ ಒತ್ತಿಕೊಂಡ. "ನೀವು ಕೊಡೂದಿಲ್ಲಂತ ಮಾಡಿದ್ದೆ ಕಾಕಾ. ನನ್ನ ಮಾನ ಉಳಿಸಿದ್ರಿ" ಎಂದ. ನಾಟಕ ಮಾಡುತ್ತಾನೆ ಅಂದುಕೊಂಡೆ.

ಸಂತೆಯ ದಿನ ಮೂರು ಗಂಟೆಗೆ ಥೇಟರು ತುಂಬಿ ತುಳುಕಿತು. ಸೆಕೆಗೆ ಮೇಲಿನ ತಗಡು ಸರಿಸಿದ್ದರಿಂದ ಒಳಗೆಲ್ಲ ಬೆಳಕು. ಮಡಿಲಲ್ಲಿ ಮೆಣಸಿನಕಾಯಿ, ಜೋಳ, ಚುಮ್ಮರಿ ಕಟ್ಟಿಕೊಂಡೇ ಜನ ಕುಳಿತಿದ್ದರು. ಮೊದಲ ಎರಡು ಅಂಕ ಬೆಣ್ಣೆಯ ಹಾಗೆ ಹೋಯಿತು. ತಾಲೀಮಿನಲ್ಲಿ ಬಾಯಿಬಿಟ್ಟು ಆಡಿದ್ದ ಅಂಕಗಳವು, ಎದುರಿಗೆ ಕುಳಿತು ನೋಡಿ ನೋಡಿ ಎಲ್ಲರ ಮಾತೂ ಅವನಿಗೆ ಗೊತ್ತಾಗಿತ್ತು. ಒಂದು ಸಲವೂ ವಿಂಗಿನ ಕಡೆ ತಿರುಗಲಿಲ್ಲ. ಅದನ್ನೂ ಸೊಕ್ಕು ಅಂತಲೇ ಬರೆದುಕೊಂಡೆ ಮನಸ್ಸಿನಲ್ಲಿ.

ಕೊನೆಯ ಅಂಕ. ಹರಿದ ಕಂಬಳಿ ಹೊದ್ದು ತಿರಕಪ್ಪ ಬಾಗಿಲಲ್ಲಿ ನಿಂತ. ರಾಜಮಾಬಿ ಹೊರಗೆ ಬಂದು, ಕಂಪನಿ ನಾಟಕದ ರೀತಿಯಲ್ಲಿ ಮುಖ ಅವನ ಕಡೆ ಮಾಡದೆ ಜನರ ಕಡೆ ಮಾಡಿ ಕೇಳಿದಳು, "ಯಾವ ಊರಿನವರಪ್ಪಾ ನೀವು?"

ನಾನು ವಿಂಗಿನಿಂದ ಮಾತು ಕೊಟ್ಟೆ, "ಊರು ಬಿಟ್ಟವನಿಗೆ ಊರೆಲ್ಲಿಯದು ತಾಯೀ."

ತಿರಕಪ್ಪ ಅವಳ ಬಾಯಿ ಮುಚ್ಚುವುದನ್ನೇ ಕಾದು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ, "ಒಬ್ಬಳೇ ಮಗಳು ತಾಯೀ. ಆಕೆಯ ಪಾಲಿಗೆ ನಾನು ಸತ್ತು ಹನ್ನೆರಡು ವರ್ಷವಾಯಿತು."

ಜನ ಗುಸುಗುಸು ಅಂದರು. ರಾಜಮಾಬಿ ಬೆಚ್ಚಿ ನನ್ನ ಕಡೆ ನೋಡಿದಳು. ನಾನು ಗಟ್ಟಿಯಾಗಿ ಮತ್ತೆ ಅದೇ ಮಾತು ಕೊಟ್ಟೆ. ಅವನು ತಿರುಗಲಿಲ್ಲ. ಅವಳಿಗೆ ಬೇರೆ ದಾರಿ ಕಾಣದೆ ಎರಡನೆಯ ಪ್ರಶ್ನೆ ಕೇಳಿದಳು, "ಉಂಡು ಎಷ್ಟು ದಿನವಾಯಿತು?"

"ಊರು ಬಿಟ್ಟವನಿಗೆ ಊರೆಲ್ಲಿಯದು ತಾಯೀ" ಎಂದ ತಿರಕಪ್ಪ.

ಹಿಂದಿನಿಂದ ಒಬ್ಬ ಕೂಗಿದ, "ಊಟಾ ಕೇಳಿದ್ರ ಊರ ಹೇಳತಾನಲೇ ಇವಾ!" ನಗೆ ಎದ್ದಿತು. "ಮೂರು ದಿನವಾಯಿತು! ಮೂರು ದಿನ!" ಎಂದು ನಾನು ವಿಂಗಿನಿಂದ ಅರಚಿದೆ. ಮುಂದಿನ ಸಾಲಿನವರಿಗೂ ಕೇಳಿಸಿ ಅವರು ಇನ್ನೂ ನಕ್ಕರು. "ಒಳಗಿನಾವನ ಚಲೋ ಆಡಾಕತ್ತಾನ, ಅವನ್ನ ಹೊರಗ ಕಳಸ್ರಿ" ಎಂದ ಇನ್ನೊಬ್ಬ. ತಿರಕಪ್ಪನಿಗೆ ನಗೆ ಕಂಡಿತ್ತು. ಏನೋ ತಪ್ಪಿದೆ ಎಂದು ಗೊತ್ತಾಗಿತ್ತು. ಏನೆಂದು ಗೊತ್ತಿರಲಿಲ್ಲ. ರಾಜಮಾಬಿಯ ಬಾಯನ್ನು ಹಸಿದವನ ಹಾಗೆ ನೋಡುತ್ತ ನಿಂತಿದ್ದ.

ಬೇಕಂತಲೇ ನಾಟಕ ಕೆಡಿಸುತ್ತಿದ್ದಾನೆ ಎಂದು ನನ್ನ ತಲೆ ಕೆಟ್ಟಿತು. ನನ್ನ ಬಾಜೂಕೆ ಸಿಡಿಲಿನ ಸಪ್ಪಳಕ್ಕೆಂದು ಆಳೆತ್ತರದ ತಗಡೊಂದು ತೂಗುಬಿಟ್ಟಿತ್ತು. ಎರಡೂ ಮುಷ್ಟಿ ಕಟ್ಟಿ ಅದನ್ನು ಗುದ್ದಿದೆ. ಢಳಾರ್ ಅಂತು. ರಾಜಮಾಬಿ ಕಿವಿ ಮುಚ್ಚಿಕೊಂಡು ಹಾರಿದಳು. ಮುಂದಿನ ಸಾಲಿನಲ್ಲಿ ಕೂಸೊಂದು ಕಿಟಾರನೆ ಚೀರಿತು. ಜನರೆಲ್ಲ ಒಮ್ಮೆ ಅಲುಗಿದರು.

ತಗಡಿನಿಂದ ನಾಲ್ಕೇ ಮಾರು ದೂರ ನಿಂತಿದ್ದ ತಿರಕಪ್ಪನ ರೆಪ್ಪೆ ಕೂಡ ಅಲುಗಲಿಲ್ಲ.

ಎಪ್ಪಾ ದೇವರೇ, ಇವನಿಗೆ ಕಿವಿ ಕೇಳುವುದಿಲ್ಲ! ಬಾಯಿ ನೋಡುವುದು, ಹೊಳ್ಳಿ ನೋಡದಿದ್ದದ್ದು, ಬೆಳ್ಳುಳ್ಳಿ ಎಣ್ಣೆ, ಹುಬ್ಬಳ್ಳಿಯ ಗಾಡಿ, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಹುಬ್ಬಳ್ಳಿಯಲ್ಲಿ ಅವನು ಕಂಡದ್ದು ಕಿವಿಯ ಡಾಕ್ಟರನ್ನು. ಪೆಟ್ಟಿಗೆಯ ದನಿಯನ್ನು ಅವನು ಅಂಗಾಲಿನಿಂದ ಕೇಳುತ್ತಿದ್ದ. ನನ್ನ ಮಾತು ಅವನಿಗೆ ಇನ್ನು ಯಾವತ್ತೂ ಮುಟ್ಟುವುದಿಲ್ಲವೆಂದೇ ಅವನು ಪ್ರತಿ ಕೇಳಿದ್ದ. ಹೇಳಿದ್ದರೆ ಮಾಲಕರು ಸ್ಟೇಜು ಹತ್ತಿಸುತ್ತಿರಲಿಲ್ಲ. ಮತ್ತೆ ಆ ಖಣಿಯ ಮದ್ದು! ಅವನ ಬಾಜೂಕೇ ಸಿಡಿದ ಆ ಮದ್ದು ನಾಟಕದ ಸಿಡಿಲಲ್ಲ, ಖರೆಯದು. ಅವನ ಕಿವಿ ಹೋದದ್ದನ್ನು ನಾವು ಕುಂದಗೋಳದಲ್ಲಿ ಒನ್ಸ್ ಮೋರ್ ಹೇಳಿ ಹೇಳಿ ಮೂರು ಸಲ ನೋಡಿದ್ದೆವು. ನಾನು ನಕ್ಕಿದ್ದೆ.

ಈಗ ಅವನ ಕೈಗೆ ಸುಳ್ಳು ಪ್ರತಿ ಕೊಟ್ಟು ಸಾವಿರ ಮಂದಿಯ ಮುಂದೆ ನಿಲ್ಲಿಸಿದ್ದೂ ನಾನೇ.

ಏನು ಮಾಡಿದೆನೋ ನನಗೇ ಎಚ್ಚರವಿಲ್ಲ. ಆಳಿನ ಪಾತ್ರದವನ ಕಂಬಳಿ ಗೂಟಕ್ಕೆ ನೇತುಬಿದ್ದಿತ್ತು. ತಲೆಯ ತುಂಬ ಹೊದ್ದು ಸ್ಟೇಜಿಗೆ ನುಗ್ಗಿದೆ. ಜನರಿಗೆ ಬೆನ್ನು ಮಾಡಿ, ರಾಜಮಾಬಿಯ ಕಾಲ ಬಳಿ ಹೊಸ್ತಿಲ ಮೇಲೆ, ತಿರಕಪ್ಪನಿಗೆ ಎದುರಾಗಿ ಕುಳಿತುಬಿಟ್ಟೆ. ರಾಜಮಾಬಿ ಅಸಲು ಕಲಾವಿದೆ. ಕ್ಷಣವೂ ತಡೆಯದೆ, "ಸಿಡಿಲಿಗೆ ಹೆದರಿದೆಯಾ ಮುದುಕಾ, ಕೂಡು ಇಲ್ಲೇ" ಎಂದಳು. ಆಮೇಲೆ ಭಿಕ್ಷುಕನ ಕಡೆ ತಿರುಗಿ, "ಹಸಿದವರ ಮಾತು ಹಿಂದುಮುಂದಾಗುವುದು ಸಹಜ. ಸುಧಾರಿಸಿಕೊಂಡು ಮೊದಲಿಂದ ಹೇಳಪ್ಪಾ. ಯಾವ ಊರು ನಿನ್ನದು?" ಎಂದಳು. ನಗುತ್ತಿದ್ದ ಹೆಂಗಸರು ಅಯ್ಯ ಪಾಪ ಅಂದರು.

ನಾನು ಮುಖ ಎತ್ತಿ, ದನಿಯಿಲ್ಲದೆ, ಬಾಯಿ ದೊಡ್ಡದು ಮಾಡಿ ಆಡಿಸಿದೆ. ಊರು. ಬಿಟ್ಟವನಿಗೆ. ಊರೆಲ್ಲಿಯದು. ತಾಯೀ.

ಅವನು ನನ್ನ ಬಾಯಿ ನೋಡಿದ. ಆಮೇಲೆ ನನ್ನ ಕಣ್ಣು ನೋಡಿದ. ನನಗೆ ಅವನ ಕಿವಿಯ ವಿಷಯ ಗೊತ್ತಾಗಿದೆ ಎಂಬುದು ಅವನಿಗೆ ತಿಳಿಯಿತು. ಪ್ರತಿಯಲ್ಲಿ ಇದ್ದದ್ದು ಈ ಮಾತಲ್ಲ ಎಂಬುದೂ ತಿಳಿಯಿತು. ಆಮೇಲೆ ಮಾತಾಡಿದ.

ಊರು, ಊಟ, ಮಗಳು. ಮೂರನೆಯ ಉತ್ತರಕ್ಕೆ ಥೇಟರಿನಲ್ಲಿ ಉಸಿರಾಡುವ ಸಪ್ಪಳ ಇರಲಿಲ್ಲ. ಅಪ್ಪನೆಂದು ಗೊತ್ತಾಗಿ ರಾಜಮಾಬಿ ಅವನ ಕಾಲಿಗೆ ಬಿದ್ದಳು. ಅವನು ಕಾಲು ಬಿಡಿಸಿಕೊಂಡು ಅಂಚಿಗೆ ಬಂದು, ಚಪ್ಪಲಿ ಕಳಚಿ, ಬರಿಗಾಲನ್ನು ಹಲಗೆಗೆ ಊರಿ ಹಾಡಿದ. ಒಂದೆರಡು ಕಡೆ ದನಿ ಕೊಂಚ ಇಳಿಯಿತು. ಉಳಿದಂತೆ ಅದೇ ತಿರಕಪ್ಪ, ಅಣ್ಣಿಗೇರಿಯ ತಿರಕಪ್ಪ. ಹಾಡು ಮುಗಿಸಿ, ನಾಟಕದಲ್ಲಿ ಇರುವ ಹಾಗೆ, ಜನರಿಗೆ ಬೆನ್ನು ತಿರುಗಿಸಿ ಹೊರಟ.

ಥೇಟರು ಸಿಡಿದು ಹೋಯಿತು. "ಒನ್ಸ್ ಮೋರ್! ತಿರಕಪ್ಪಾ, ಒನ್ಸ್ ಮೋರ್!" ತಗಡುಗಳೆಲ್ಲ ನಡುಗಿದವು. ರಹಿಮಾನಸಾಬ ಹಾಡಿನ ಮೊದಲ ಸ್ವರ ಹಿಡಿದು ಜೋರಾಗಿ ತುಳಿದ. ತಿರಕಪ್ಪ ನಡೆದೇ ಹೋಗುತ್ತಿದ್ದ. ಯಾವುದಕ್ಕಾಗಿ ಮದ್ರಾಸು ಬಿಟ್ಟು ಬಂದಿದ್ದನೋ ಅದು ಅವನ ಬೆನ್ನ ಹಿಂದೆ ಬಿದ್ದು ಹೊರಳಾಡುತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. "ನೋಡಲೇ ಸೊಕ್ಕು, ಹೊಳ್ಳೂದಿಲ್ಲ ಮಗಾ" ಎಂದು ಯಾರೋ ಅಂದರು. ಆ ಮಾತು ಎಂಟು ದಿನದಿಂದ ನಾನು ಆಡುತ್ತಿದ್ದ ಮಾತು.

ನಾನು ಎದ್ದೆ. ಕಂಬಳಿ ಜಾರಿ ಬಿತ್ತು. ಮೂವತ್ತೊಂದು ವರ್ಷ ಯಾರೂ ನೋಡದ ಮುಖವನ್ನು ಗುಡಗೇರಿಯ ಸಂತೆ ಪೂರ್ತಿ ನೋಡಿತು. ಓಡಿಹೋಗಿ ಅವನ ರಟ್ಟೆ ಹಿಡಿದು ನಿಲ್ಲಿಸಿ, ಬಾಯಿ ಆಡಿಸಿ ಹೇಳಿದೆ. ಒನ್ಸ್. ಮೋರ್. ನಿನಗ.

ಅವನು ನನ್ನ ಬಾಯನ್ನು ನೋಡಿದ. ಅವನ ಮುಖದಲ್ಲಿ ಹಿಗ್ಗು ಬರಲಿಲ್ಲ. ಎಂಟು ದಿನ ನಾನು ಅವನನ್ನು ಹೇಗೆ ನೋಡಿದ್ದೆನೋ ಹಾಗೇ ನನ್ನನ್ನು ನೋಡಿದ. ನನಗೊಬ್ಬನಿಗೇ ಕೇಳುವ ಹಾಗೆ ಮೆಲ್ಲಗೆ ಕೇಳಿದ, "ಇದೂ ನೀವ ಬರದದ್ದೇನ್ರಿ, ಕಾಕಾ?"

ಎರಡೂ ಭುಜ ಹಿಡಿದು ಅವನನ್ನು ಜನರ ಕಡೆ ತಿರುಗಿಸಿದೆ. ಆ ಹಗಲು ಬೆಳಕಿನಲ್ಲಿ ಸಾವಿರ ಬಾಯಿ ಒಂದೇ ಮಾತಿಗೆ ತೆರೆದು ಮುಚ್ಚುತ್ತಿದ್ದವು. ಅವನು ಆ ಬಾಯಿಗಳನ್ನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಓದಿಕೊಂಡು ಹೋದ. ನನ್ನ ಕೈಯನ್ನು ಭುಜದಿಂದ ಮೆಲ್ಲಗೆ ತೆಗೆದಿಟ್ಟು, ಅಂಚಿಗೆ ಹೋಗಿ, ಬರಿಗಾಲನ್ನು ಹಲಗೆಗೆ ಊರಿದ.

ಎರಡನೆಯ ಸಲ ಹಾಡುವಾಗ ನಾನು ಸ್ಟೇಜಿನಿಂದ ಇಳಿದು, ರಹಿಮಾನಸಾಬನ ಪೆಟ್ಟಿಗೆಯ ಬಾಜೂಕೆ, ಅವನ ಎದುರಿಗೇ ಇದ್ದೆ. ಎಲ್ಲಾದರೂ ತಪ್ಪಿದರೆ ಇರಲಿ ಎಂದು ಹಾಡಿನ ಒಂದೊಂದು ಅಕ್ಷರವನ್ನೂ ದನಿಯಿಲ್ಲದೆ ಬಾಯಿಯಲ್ಲಿ ಆಡಿಸುತ್ತ ನಿಂತಿದ್ದೆ. ಖರೆ ಹಾಡು, ಒಂದು ಅಕ್ಷರ ಹಿಂದುಮುಂದಿಲ್ಲ. ಹಾಡು ಮುಗಿಯುವ ತನಕ ಅವನು ನನ್ನ ಬಾಯಿಯ ಕಡೆ ಒಮ್ಮೆಯೂ ನೋಡಲಿಲ್ಲ.